ಬೊಂಬಾಯಿ ಮಾವನ ಹುಲಿ

ಮೊನ್ನೆ ತೆಕ್ಕಟ್ಟೆಯ ಒಂದು ಮದುವೆಯಲ್ಲಿ ಊಟ ಮುಗಿಸಿ ಕೈ ತೊಳೆಯಲು ಸಭಾಭವನದ ಹಿಂಬದಿಗೆ ಹೋದವಳನ್ನು ಒಂದು ವಾಸನೆ ಹಿಡಿದು ನಿಲ್ಲಿಸಿತು. ಬಿಸಿನೀರಿಗೆ ಕದಡಿದ ಸೋಡಾ ಪುಡಿ, ಹುಳಿಯಾಗತೊಡಗಿದ ಸಾಂಬಾರಿನ ಜಿಡ್ಡು, ನೆನೆದ ತೆಂಗಿನ ನಾರು, ಇವೆಲ್ಲ ಸೇರಿದ ವಾಸನೆ. ನಲ್ಲಿಯ ಬುಡದಲ್ಲಿ ತಲೆ ನರೆತ ಒಬ್ಬ ಮನುಷ್ಯ ಕುಕ್ಕರಗಾಲಲ್ಲಿ ಕೂತು ಕೊಪ್ಪರಿಗೆಯಷ್ಟು ದೊಡ್ಡ ಪಾತ್ರೆಯೊಳಗೆ ಭುಜದವರೆಗೆ ಕೈ ಹಾಕಿ ತಿಕ್ಕುತ್ತಿದ್ದ. ಬಡಗಣ ದೇಶದವನು, ಮುಖ ನೋಡಿದರೇ ಗೊತ್ತಾಗುತ್ತಿತ್ತು. ಅಡುಗೆ ಕಂಟ್ರಾಕ್ಟಿನವನು ನಮ್ಮ ಕಡೆಯವನೇ, ಮದುಮಗಳ ತಾಯಿಯ ಹತ್ತಿರ ಈಗಷ್ಟೇ ಬಾಯಿ ತುಂಬ ನಗುತ್ತ "ಊಟ ಹ್ಯಾಂಗಿತ್ತ್ ಅಕ್ಕ?" ಎಂದು ಕೇಳಿ ಬಂದವನು, ಬಾಗಿಲಲ್ಲಿ ನಿಂತು "ಏ! ಥಾಲಿ ಉಠಾ! ಜಲ್ದಿ ಕರ್!" ಎಂದು ಕೂಗಿದ. ಅವನಿಗೆ ಬರುವ ಹಿಂದಿ ಅಷ್ಟೇ ಇದ್ದಿರಬೇಕು. ನನ್ನ ಎರಡು ಕಿವಿಯೂ ಸುಟ್ಟಂತೆ ಬಿಸಿಯಾದವು. ಪಕ್ಕದಲ್ಲಿ ಕೈ ತೊಳೆಯುತ್ತಿದ್ದ ತಂಗಿಯ ಮಗಳು "ಎಂತಾಯ್ತ್ ದೊಡ್ಡಮ್ಮ, ಮೋರೆ ಕೆಂಪಾಯಿತ್ತಲೆ?" ಎಂದಳು. "ಸೆಕಿ ಮಾರಾಯ್ತಿ" ಎಂದೆ. ಸೆಕೆಯೇನೋ ಇತ್ತು. ಆದರೆ ಕಿವಿ ಬಿಸಿಯಾದದ್ದು ನಾಲ್ಕು ದಶಕ ಹಿಂದಿನ ಒಂದು ನಾಚಿಕೆಯಿಂದ. ಅದು ನನ್ನೊಬ್ಬಳದಲ್ಲ, ಒಂದು ಮನೆಯದು. ಆ ಮನೆ ಈಗಿಲ್ಲ, ಮನೆಯ ಜನರಲ್ಲಿ ಹೆಚ್ಚಿನವರೂ ಇಲ್ಲ. ನಾಚಿಕೆಯನ್ನು ಮಾತ್ರ ಯಾರೂ ಪಾಲು ಕೇಳಿ ತಕ್ಕೊಂಡು ಹೋಗದೆ ನನ್ನಲ್ಲೇ ಉಳಿದುಬಿಟ್ಟಿದೆ.

ನಮ್ಮ ಮನೆ ಬಸ್ರೂರಿನಲ್ಲಿ, ಹೊಳೆಯ ಕಡೆಗೆ ಇಳಿಯುವ ದಾರಿಯಲ್ಲಿತ್ತು. ಹೊಳೆ ತುಂಬಿ ಬರುವ ಹೊತ್ತಿಗೆ ಉಪ್ಪುನೀರಿನ ವಾಸನೆ ಚಾವಡಿಯ ತನಕ ಬರುತ್ತಿತ್ತು. ನಮ್ಮವರಲ್ಲಿ ಹೆಣ್ಣುಮಕ್ಕಳು ಮದುವೆಯಾದ ಮೇಲೂ ತಾಯಿಯ ಮನೆಯಲ್ಲೇ ಉಳಿಯುವ ಕ್ರಮ. ಗಂಡಂದಿರು ಬಂದು ಹೋಗುತ್ತಿದ್ದರು. ಹಾಗಾಗಿ ಮನೆಯ ಯಜಮಾನಿಕೆ ಅಜ್ಜಿಯದು. ಅಜ್ಜಿಗೆ ಇಬ್ಬರು ಹೆಣ್ಣುಮಕ್ಕಳು, ನನ್ನ ಅಮ್ಮ ಮತ್ತು ಗುಲಾಬಿ ಚಿಕ್ಕಮ್ಮ. ಅಮ್ಮನಿಗೆ ಗದ್ದೆ, ಕೊಟ್ಟಿಗೆ, ನಾವು ಮಕ್ಕಳು ಎಂದು ಕೈತುಂಬ ಕೆಲಸ. ಚಿಕ್ಕಮ್ಮನಿಗೆ ಮಕ್ಕಳಿರಲಿಲ್ಲ. ಚಿಕ್ಕಪ್ಪ ಬೊಂಬಾಯಿಯಲ್ಲಿದ್ದರು, ವರ್ಷಕ್ಕೊಮ್ಮೆ ಬೇಸಗೆಯಲ್ಲಿ ಬಂದು ಮಳೆ ಹಿಡಿಯುವ ಮೊದಲು ಹೊರಟುಬಿಡುತ್ತಿದ್ದರು. ಅವರು ಹೋದ ಮೇಲೆ ಚಿಕ್ಕಮ್ಮ ಅವರು ಮಲಗಿದ್ದ ಚಾಪೆಯನ್ನು ಬಿಸಿಲಿಗೆ ಹಾಕದೆ ಕೆಲವು ದಿನ ಹಾಗೇ ಸುತ್ತಿಡುತ್ತಿದ್ದಳು. ಅಮ್ಮ ಕಂಡೂ ಕಾಣದವಳಂತೆ ಇರುತ್ತಿದ್ದಳು. ಮನೆಯ ಹೆಂಗಸರು ಒಬ್ಬರ ಮರ್ಯಾದೆಯನ್ನು ಒಬ್ಬರು ಕಾಯುತ್ತಿದ್ದದ್ದು ಹೀಗೆ, ಏನೂ ಹೇಳದೆ.

ಆ ಮನೆಗೆ ಒಂದು ದಿನ ಬೊಂಬಾಯಿ ಮಾವ ಬಂದರು. ಅಜ್ಜಿಯ ತಮ್ಮ, ಅಮ್ಮ-ಚಿಕ್ಕಮ್ಮನಿಗೆ ಸೋದರಮಾವ. ನಮಗೆ ಅಜ್ಜನಾಗಬೇಕಿತ್ತು, ಆದರೆ ದೊಡ್ಡವರು ಕರೆದದ್ದನ್ನೇ ಕೇಳಿ ನಾವೂ ಮಾವ ಎಂದೇ ಕರೆದೆವು. ಮೀಸೆ ಮೂಡುವ ಮೊದಲೇ ಊರು ಬಿಟ್ಟವರು ಕೆಮ್ಮು ಹಿಡಿಸಿಕೊಂಡು, ಒಂದು ತಗಡಿನ ಪೆಟ್ಟಿಗೆಯೊಂದಿಗೆ ತಿರುಗಿ ಬಂದಿದ್ದರು. ಅವರು ಬೊಂಬಾಯಿಯ ಒಂದು ದೊಡ್ಡ ಹೋಟೆಲಿನಲ್ಲಿ ಮೆನೇಜರ್ ಆಗಿದ್ದರೆಂದು ಊರಿಗೆಲ್ಲ ಗೊತ್ತಿತ್ತು. ಗೊತ್ತಿತ್ತು ಎಂದರೆ ಅಜ್ಜಿ ಹೇಳಿದ್ದಳು. ದೇವಸ್ಥಾನದ ಜಗಲಿಯಲ್ಲಿ, ಮದುವೆ ಮನೆಯಲ್ಲಿ, ಸಂತೆಯಲ್ಲಿ, ಎಲ್ಲಿ ಸಿಕ್ಕಿದವರಿಗೂ "ನಮ್ ತಮ್ಮ ಅಲ್ಲ್ ಮೆನೇಜರ್. ಅವ ಹೇಳ್ರೆ ಹೋಟ್ಲ್, ಇಲ್ದಿದ್ರೆ ಇಲ್ಲೆ" ಎನ್ನುತ್ತಿದ್ದಳು. ಮಾವನ ಬಾಯಿಂದ ಆ ಮಾತನ್ನು ನಾನು ಒಮ್ಮೆಯೂ ಕೇಳಲಿಲ್ಲ. ಯಾರಾದರೂ ನೇರವಾಗಿ ಕೇಳಿದರೆ ಅವರು "ಹೋಟ್ಲಗೆ ಇದ್ದೆ" ಎಂದಷ್ಟೇ ಹೇಳಿ ಕೆಮ್ಮುತ್ತಿದ್ದರು. ಕೆಮ್ಮು ಮುಗಿಯುವಷ್ಟರಲ್ಲಿ ಕೇಳಿದವರು ಬೇರೆ ಮಾತಿಗೆ ಹೋಗಿರುತ್ತಿದ್ದರು.

ಎಷ್ಟೊಂದು ಕಣ್ಣೆದುರಿಗೇ ಇತ್ತು! ಈಗ ಕೂತು ನೆನೆದರೆ ಒಂದೊಂದಾಗಿ ಕಾಣುತ್ತದೆ. ಮಾವ ಐದು ಬೆರಳನ್ನು ಐದು ಲೋಟದೊಳಗೆ ಇಳಿಸಿ ಒಂದೇ ಕೈಯಲ್ಲಿ ಎತ್ತಿಕೊಂಡು ಹೋಗುತ್ತಿದ್ದರು. ನಾವು ಮಕ್ಕಳು ಅದನ್ನೊಂದು ವಿದ್ಯೆಯೆಂದು ಅಭ್ಯಾಸ ಮಾಡಿ ಅಜ್ಜಿಯ ಹಿತ್ತಾಳೆ ಲೋಟಗಳನ್ನು ಜಜ್ಜಿಸಿದ್ದೆವು. ಅವರ ಉಗುರುಗಳು ತುದಿಯಲ್ಲಿ ಸವೆದು ಮೀನಿನ ಹುರುಪೆಯಂತೆ ತೆಳ್ಳಗಿದ್ದವು, ಅಂಗೈ ಬೆಳ್ಳಗೆ ಸುಕ್ಕಾಗಿತ್ತು. ಮನೆಯಲ್ಲಿ ಎಲ್ಲರ ಊಟವಾಗುವ ತನಕ ಅವರು ಕೂರುತ್ತಿರಲಿಲ್ಲ. ಕೊನೆಗೆ ಅಡುಗೆ ಕೋಣೆಯ ಬಾಗಿಲ ಹಿಂದೆ ನಿಂತುಕೊಂಡೇ, ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೆ ಎನ್ನುವಂತೆ ಉಂಡು ಮುಗಿಸುತ್ತಿದ್ದರು. "ಕೂಕಂಡ್ ಉಣ್ಣ್ ಮಾರಾಯ, ಗಂಜಿ ಎಲ್ಲಿಗೂ ಓಡಿ ಹೋತಿಲ್ಲೆ" ಎಂದು ಅಜ್ಜಿ ಗದರಿದರೆ "ಅಭ್ಯಾಸ ಅಕ್ಕ" ಎನ್ನುತ್ತಿದ್ದರು. ಬಟ್ಟಲನ್ನು ತೊಳೆದಿಡಲು ಯಾರಿಗೂ ಬಿಡುತ್ತಿರಲಿಲ್ಲ, ಬಾವಿಕಟ್ಟೆಗೆ ಹೋಗಿ ತಾವೇ ತೊಳೆದು ತರುತ್ತಿದ್ದರು. ಬೂದಿ ಅವರಿಗೆ ಹಿಡಿಸುತ್ತಿರಲಿಲ್ಲ, ಪೇಟೆಯಿಂದ ಸೋಡಾ ಪುಡಿ ತರಿಸಿಕೊಂಡಿದ್ದರು. ಅಜ್ಜಿ ನೆರೆಯವರಿಗೆ ಹೆಮ್ಮೆಯಿಂದ ಹೇಳುತ್ತಿದ್ದಳು, "ಬೊಂಬಾಯಿಯಗೆ ಇದ್ದವ ಅಲ್ದಾ, ಚೊಕ್ಕಾಟಿಕಿ ಅಂದ್ರೆ ಚೊಕ್ಕಾಟಿಕಿ!"

ಆ ವರ್ಷ ಬೊಂಬಾಯಿಯಿಂದ ರಜೆಯಲ್ಲಿ ಬಂದ ಊರವರೊಬ್ಬರ ಕೈಯಲ್ಲಿ ಚಿಕ್ಕಪ್ಪ ಒಂದು ಮಾತು ಹೇಳಿ ಕಳಿಸಿದರು. ಅವರು ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದ ಹೋಟೆಲಿನ ಸೇಠರು ತಮ್ಮ ಕಟ್ಟಡದಲ್ಲೇ ಒಂದು ಕೋಣೆ ಕೊಡುತ್ತಾರಂತೆ, ಹೆಂಡತಿಯನ್ನು ಕರೆಸಿಕೊಳ್ಳಬಹುದಂತೆ. ಆದರೆ ಅಲ್ಲಿ ಸುತ್ತಮುತ್ತ ಎಲ್ಲ ಹಿಂದಿ ಜನ, ಸೇಠಾಣಿಯೂ ಹಿಂದಿಯವರು, ಅವರ ಜೊತೆಗೇ ಬಳಕೆ. ನಾಲ್ಕು ಮಾತಾದರೂ ಬರಬೇಕು. ಬೇಸಗೆಯಲ್ಲಿ ಸೇಠರು ಹೆಂಡತಿಯ ಜೊತೆ ಕೊಲ್ಲೂರಿಗೆ ಬರುವವರಿದ್ದಾರೆ, ನಮ್ಮ ಮನೆಗೂ ಬರುತ್ತಾರೆ, ಅಷ್ಟರೊಳಗೆ ಕಲಿತರೆ ಅವರ ಜೊತೆಗೇ ಹೊರಡಬಹುದು. ಇದನ್ನು ಕೇಳಿದ ಚಿಕ್ಕಮ್ಮ ಒಳಗೆ ಹೋಗಿ ಉರಿಯುತ್ತಿದ್ದ ಒಲೆಗೆ ಮತ್ತೆ ಮತ್ತೆ ಸೌದೆ ಒಟ್ಟಿದಳು, ಅನ್ನ ಸೀಯಿತು. ಅಜ್ಜಿ ಮಾತ್ರ ಒಂದು ನಿಮಿಷವೂ ಯೋಚಿಸಲಿಲ್ಲ. "ಮನಿಯಗೆ ಮೆನೇಜರ್ ಇಪ್ಪತಿಗೆ ಹಿಂದಿಗ್ ಎಂತ ಬರವಾ? ತಮ್ಮ, ನೀ ಹೇಳ್ಕೊಡ್." ಮಾವ "ನಂಗೆ ಹೇಳ್ಕೊಡುಕೆ ಬತ್ತಿಲ್ಲೆ ಅಕ್ಕ, ನಂಗ್ ಬಪ್ಪುದೇ ಚೂರ್" ಎಂದರು. ಅಜ್ಜಿ ಅದನ್ನು ದೊಡ್ಡವರ ವಿನಯವೆಂದೇ ತಿಳಿದಳು. ಚಿಕ್ಕಮ್ಮ ಬಾಗಿಲ ಸಂದಿನಿಂದ "ಮಾವ" ಎಂದಳು, ಅಷ್ಟೇ. ಅವರು ಅವಳ ಮುಖ ನೋಡಿ, "ಕಥಿ ಹೇಳುಕೆ ಬತ್ತ್. ಕಥಿಯಗೆ ಕಾಂಬ" ಎಂದರು.

ಮಧ್ಯಾಹ್ನದ ಗಂಜಿಯಾದ ಮೇಲೆ ಚಾವಡಿಯಲ್ಲಿ ಹುಣಸೆ ಹಣ್ಣಿನ ರಾಶಿ ಹಾಕಿಕೊಂಡು ಬೀಜ ತೆಗೆಯುವ ಹೊತ್ತು ಪಾಠದ ಹೊತ್ತಾಯಿತು. ಮಾವ ಕಲಿಸಿದ ಕ್ರಮವನ್ನು ಆಮೇಲೆ ನಾನು ಯಾವ ಶಾಲೆಯಲ್ಲೂ ಕಾಣಲಿಲ್ಲ. ಮೊದಲ ದಿನ ಕಥೆ ಪೂರ್ತಿ ನಮ್ಮ ಮಾತಿನಲ್ಲೇ. "ಒಂದ್ ಕಾಡಗೆ ಒಂದ್ ಹುಲಿ ಇದ್ದಿತ್ತ್. ಹುಲಿಗ್ ಹಸುವಾಯ್ತ್. ನರಿ ಮನಿಗ್ ಉಂಬುಕೆ ಬಂತ್." ಮರುದಿನ ಅದೇ ಕಥೆಯಲ್ಲಿ ಹುಲಿ ಹೋಗಿ ಶೇರ್ ಬಂತು, ಹಸಿವು ಹೋಗಿ ಭೂಖ್ ಬಂತು. ಇನ್ನೊಂದು ದಿನ ನರಿ ಬಾಗಿಲು ತೆರೆದು "ಆಯಾ? ಬೈಠ್ ಉಧರ್!" ಎಂದಿತು, ಬಂದೆಯಾ, ಕೂರು ಅಲ್ಲಿ, ಎಂದು. ಹಾಲಿಗೆ ದಿನಕ್ಕೊಂದು ಹನಿ ನೀರು ಸೇರಿಸಿದರೆ ಕುಡಿಯುವವರಿಗೆ ಗೊತ್ತಾಗದಂತೆ, ನಮಗೆ ಗೊತ್ತಾಗದಂತೆ ಕಥೆಯ ಬಣ್ಣ ಬದಲಾಗುತ್ತ ಹೋಗಿ, ಒಂದು ದಿನ ಇಡೀ ಕಥೆ ಹಿಂದಿಯಲ್ಲೇ ಹರಿದುಹೋಯಿತು. ನಾವು ಎಲ್ಲಿಯೂ ತಡೆಯದೆ ನಗಬೇಕಾದಲ್ಲಿ ನಕ್ಕೆವು. ಕಥೆ ಮುಗಿದ ಮೇಲೆ ಅಮ್ಮ "ಇವತ್ತ್ ಕನ್ನಡ ಒಂದೂ ಇರ್ಲಿಲ್ಲೆ ಅಲ್ದಾ?" ಎಂದಾಗಲೇ ನಮಗೆ ಅರಿವಾದದ್ದು. ಚಿಕ್ಕಮ್ಮ ಹುಣಸೆಯ ಅಂಟು ಕೈಯನ್ನು ಹಾಗೇ ಮೇಲೆತ್ತಿಕೊಂಡು, ಕಣ್ಣು ಅರಳಿಸಿ ಮಾವನನ್ನು ನೋಡಿದಳು. ಅವರ ಮುಖದಲ್ಲಿ ಅಂಥ ಬೆಳಕನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಅವರ ಕಥೆಗಳಿಗೆ ಒಂದು ಗುಣವಿತ್ತು. ಕಾಡಿನಲ್ಲಿ ಹುಟ್ಟಲಿ, ಅರಮನೆಯಲ್ಲಿ ಹುಟ್ಟಲಿ, ಸಮುದ್ರದ ಬುಡದಲ್ಲಿ ಹುಟ್ಟಲಿ, ಕೊನೆಗೆ ಬಂದು ತಲುಪುವುದು ಊಟದ ಹೊತ್ತಿಗೆ, ಅಲ್ಲಿಂದ ಪಾತ್ರೆ ತೊಳೆಯುವಲ್ಲಿಗೆ. ಹುಲಿ ಉಂಡಿತು ಎಂದು ಅವರು ಕಥೆ ನಿಲ್ಲಿಸುತ್ತಿರಲಿಲ್ಲ. ಹುಲಿ ಉಂಡ ಬಟ್ಟಲನ್ನು ಯಾರೋ ಎತ್ತಬೇಕು, ಮೇಜು ಒರೆಸಬೇಕು, ನೀರು ಹೊಡೆಯಬೇಕು. "ಥಾಲಿ ಉಠಾ. ಟೇಬಲ್ ಮಾರ್. ಜಲ್ದಿ ಕರ್, ಏ!" ರಾಜನ ಮಗಳ ಸ್ವಯಂವರದ ಕಥೆಯೂ ಹಾಗೇ ಮುಗಿಯಿತು. "ಅಲ್ದಾ ತಮ್ಮ, ಮದಿ ಆದ್ ಹೆಣ್ಣ್ ಎಲ್ಲ್ ಹೋಯ್ತ್?" ಎಂದು ಅಜ್ಜಿ ಕೇಳಿದರೆ "ಹೆಣ್ಣ್ ಹೋಯ್ಲಿ ಅಕ್ಕ, ಪಾತ್ರಿ ಬಾಕಿ ಇತ್ತಲೆ" ಎಂದರು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕಥೆಯಲ್ಲಿ ಒಂದು ಪ್ರಾಣಿ ಕೂಗುತ್ತಿತ್ತು, ಇನ್ನೊಂದು ಪ್ರಾಣಿ ಪ್ರತಿ ಸಲವೂ "ಹಾಂ ಸೇಠ್" ಎನ್ನುತ್ತಿತ್ತು. ಕೂಗುವುದಕ್ಕೆ ಮಾವನಲ್ಲಿ ಬೇಕಾದಷ್ಟು ಮಾತಿತ್ತು, ಉತ್ತರಕ್ಕೆ ಮಾತ್ರ ಈ ಎರಡೇ ಶಬ್ದ.

ಒಂದು ಮಧ್ಯಾಹ್ನ ಚಿಕ್ಕಮ್ಮ ಬೀಜ ತೆಗೆಯುವ ಕೈ ನಿಲ್ಲಿಸಿ ಕೇಳಿದಳು. "ಮಾವ, 'ತೂ' ಅಂದ್ರೆ 'ನೀನು' ಅಲ್ದಾ? ಹಂಗಾರೆ ದೊಡ್ಡವ್ರಿಗೆ 'ನೀವು' ಅಂಬುಕೆ ಎಂತ ಹೇಳ್ಕ್?"

ಮಾವ ಯೋಚಿಸಿದರು. ನಿಜವಾಗಿ ಯೋಚಿಸಿದರು, ನನಗೆ ನೆನಪಿದೆ, ಮಾಡಿನ ಕಡೆ ನೋಡುತ್ತ, ತುಟಿ ಸ್ವಲ್ಪ ಆಡಿಸುತ್ತ. ಇಷ್ಟು ವರ್ಷ ಕಿವಿಗೆ ಬಿದ್ದ ಮಾತುಗಳ ರಾಶಿಯನ್ನೆಲ್ಲ ಜಾಲಾಡಿ ಬಂದವರಂತೆ ಕೊನೆಗೆ, "ಹಿಂದಿಯಗೆ 'ನೀವು' ಇಲ್ಲೆ ಹೆಣೆ" ಎಂದರು. "ಅಲ್ಲ್ ಎಲ್ಲರಿಗೂ 'ತೂ'ನೇ. ಮರ್ಯಾದಿ ಕೊಡ್ಕಾರೆ ಅಕೇರಿಗ್ ಒಂದ್ 'ಸೇಠ್' ಹಾಕ್."

"ಎಂತ ಭಾಷಿಯಾ ಅದ್, ಮರ್ಯಾದಿಯೇ ಇಲ್ದಿದ್ದ್!" ಎಂದು ಅಜ್ಜಿ ಮೂಗು ಮುರಿದಳು. ಚಿಕ್ಕಮ್ಮ ಅಷ್ಟು ಸುಲಭವಾದದ್ದಕ್ಕೆ ಸಮಾಧಾನಪಟ್ಟಳು. ನೀನು, ನೀವು ಎಂದು ಆರಿಸುವ ತಾಪತ್ರಯವಿಲ್ಲವಲ್ಲ. ಅವಳು ಅಂದಿನಿಂದ ಹಿಂದಿಯನ್ನು ಕಂಡಕಂಡಲ್ಲಿ ಆಡತೊಡಗಿದಳು. ಕರುವಿಗೆ "ಹಟ್ ಬಾಜೂ!", ಕೋಳಿಗೆ "ಕ್ಯಾ ದೇಖತಾ ಹೈ?" ಬಾವಿಯಿಂದ ಕೊಡ ಎಳೆಯುವಾಗ ಒಬ್ಬಳೇ ನರಿಯೂ ಆಗಿ ಹುಲಿಯೂ ಆಗಿ ಇಡೀ ಕಥೆ ಹೇಳಿಕೊಳ್ಳುತ್ತಿದ್ದಳು. ಬೇಲಿಯಾಚೆಯ ಪದ್ದಕ್ಕ ಒಮ್ಮೆ "ಹ್ವಾಯ್ ಗುಲಾಬಿ, ಯಾರಿಗ್ ಬೈತಿದ್ದೆ?" ಎಂದು ಕೇಳಿದ್ದಳು. "ಬೈದ್ದಲ್ಲ ಅಕ್ಕ, ಹಿಂದಿ!" ಎಂದು ಚಿಕ್ಕಮ್ಮ ನಕ್ಕಳು. ಆ ವರ್ಷ ನಮ್ಮ ಮನೆಯಲ್ಲಿ ಅವಳಷ್ಟು ನಕ್ಕವರಿಲ್ಲ. ಅವಳು ಹೊಸ ಸೀರೆಗೆ ಕುಚ್ಚು ಕಟ್ಟಿದ್ದಳು, ಪೆಟ್ಟಿಗೆಯಲ್ಲಿ ಒಣಗಿದ ಬಕುಳದ ಹೂ ಹಾಕಿಟ್ಟಿದ್ದಳು. ಹೋಗುವುದು ಖಂಡಿತ ಎಂದು ಅವಳಷ್ಟೇ ಅಲ್ಲ, ದನಕರುಗಳೂ ತಿಳಿದಿದ್ದವು.

ಬೇಸಗೆಯಲ್ಲಿ ಒಂದು ಬೆಳಿಗ್ಗೆ ಬಾಡಿಗೆ ಕಾರಿನಲ್ಲಿ ಅವರು ಬಂದರು. ಮುಂದೆ ಚಿಕ್ಕಪ್ಪ, ಹಿಂದೆ ಸೇಠರು ಮತ್ತು ಸೇಠಾಣಿ. ಸೇಠರು ದಪ್ಪಗಿನ, ನಗುಮುಖದ ಮನುಷ್ಯ. ಸೇಠಾಣಿ ತಲೆಗೆ ಸೆರಗು ಹೊದ್ದು, ಕೆಸುವಿನ ಎಲೆಯ ಮೇಲಿನ ನೀರಿನಂತೆ ಮೆಲ್ಲಗೆ ನಡೆಯುತ್ತಿದ್ದರು. ಅಜ್ಜಿ ಚಾವಡಿಯಲ್ಲಿ ಹೊಸ ಚಾಪೆ ಹಾಸಿ, ಅದರ ಮೇಲೆ ಮದುವೆ-ಮುಂಜಿಗೆ ಮಾತ್ರ ತೆಗೆಯುವ ಹಲಸಿನ ಮಣೆಗಳನ್ನು ಇಟ್ಟಿದ್ದಳು. ಮಾವ ತೊಳೆದ ಬಿಳಿ ಪಂಚೆ ಉಟ್ಟು, ಅಜ್ಜಿಯ ಒತ್ತಾಯಕ್ಕೆ ಕಂಬದ ಬಳಿ ಒಂದು ಮಣೆಯ ತುದಿಯಲ್ಲಿ ಕೂತಿದ್ದರು. ಕೂತಿದ್ದರು ಎನ್ನುವುದಕ್ಕಿಂತ ತಾಗಿಕೊಂಡಿದ್ದರು ಎನ್ನಬೇಕು. ಅಜ್ಜಿ ಚಿಕ್ಕಪ್ಪನ ಹತ್ತಿರ "ಹೇಳಿ ಅವ್ರಿಗೆ, ನಮ್ ತಮ್ಮನೂ ಅಲ್ಲ್ ಮೆನೇಜರ್ ಆಗಿದ್ದವ. ಗುಲಾಬಿಗ್ ಹಿಂದಿ ಕಲ್ಸಿದ್ ಅವನೇ" ಎಂದಳು. ಚಿಕ್ಕಪ್ಪ ಅದನ್ನು ಹಿಂದಿಯಲ್ಲಿ ಹೇಳಿದರು. ಸೇಠರು ಮಾವನ ಕಡೆ ತಿರುಗಿ ಗೌರವದಿಂದ ಕೈಮುಗಿದರು. ಮಾವನಿಗೆ ಕೈಮುಗಿಯಲು ಹೊಳೆಯಲಿಲ್ಲ.

ಚಿಕ್ಕಮ್ಮ ಒಳಗಿನಿಂದ ಬಂದಳು. ಹೊಸ ಸೀರೆ, ತಲೆಯಲ್ಲಿ ಅಬ್ಬಲಿಗೆ, ಕೈಯಲ್ಲಿ ಬೆಲ್ಲ-ನೀರಿನ ತಟ್ಟೆ. ನಿಂತೇ ಇದ್ದ ಸೇಠಾಣಿಯನ್ನು ನೋಡಿ, ತಿಂಗಳುಗಟ್ಟಲೆ ಕೂಡಿಟ್ಟ ಪ್ರೀತಿಯನ್ನೆಲ್ಲ ಧ್ವನಿಗೆ ಹಾಕಿ, ಕಥೆಯಲ್ಲಿ ನರಿ ತನ್ನ ಅತಿಥಿಯನ್ನು ಎದುರುಗೊಂಡ ಹಾಗೇ, ಗಟ್ಟಿಯಾಗಿ ಹೇಳಿದಳು. "ಆಯಾ? ತೂ ಬೈಠ್ ಉಧರ್, ಸೇಠ್!"

ಸೇಠಾಣಿ ಸರಕ್ಕನೆ ಕೂತುಬಿಟ್ಟರು. ಚಿಕ್ಕಮ್ಮನಿಗೆ ಧೈರ್ಯ ಬಂತು. ಗಂಡಸರಿಗೆ ಲೋಟ ಕೊಟ್ಟು, ಸೇಠಾಣಿಯ ಮುಂದೆ ಒಂದು ಹಿಡಿದು "ಏ, ಪೀ! ಜಲ್ದಿ ಕರ್!" ಎಂದಳು. ನಾನು ಬಾಗಿಲ ಬಳಿಯಿಂದ ನೋಡುತ್ತಿದ್ದೆ. ನನಗೆ ಎಲ್ಲ ಅರ್ಥವಾಗಿತ್ತು, ಕಥೆಯ ಮಾತುಗಳೇ ಅಲ್ಲವೇ, ಎಷ್ಟು ಚೆನ್ನಾಗಿ ಹೇಳುತ್ತಿದ್ದಾಳೆ ಎಂದು ಖುಷಿಯಾಗಿತ್ತು. ಸೇಠಾಣಿಯ ಮುಖ ಮಾತ್ರ ಕೆಂಪೇರಿ, ಲೋಟ ಹಿಡಿದ ಕೈ ಅಲ್ಲೇ ನಿಂತಿತ್ತು. ಚಿಕ್ಕಪ್ಪ "ಗುಲಾಬಿ!" ಎಂದರು. ಅವಳು ತಪ್ಪಿದ್ದೆಲ್ಲಿ ಎಂದು ಮಾವನ ಕಡೆ ನೋಡಿ, ಮರ್ಯಾದೆ ಸಾಲದಾಯಿತೇನೋ ಎಂದು, ಇನ್ನೊಮ್ಮೆ "ಸೇಠ್" ಎಂದು ಸೇರಿಸಿದಳು.

ಆಗ ಸೇಠರು ನಕ್ಕರು. ಕೆಟ್ಟ ನಗೆಯಲ್ಲ, ಹೊಟ್ಟೆ ಕುಲುಕಿಸುವ ನಗೆ. ತೊಡೆ ತಟ್ಟಿಕೊಂಡು "ಅರೇ, ಯೇ ತೋ ಮೋರಿ ಕೀ ಬೋಲೀ ಹೈ!" ಎಂದರು, ಇದು ಮೋರಿಯ ಮಾತಲ್ಲವೇ, ಎಂದು. ಬೊಂಬಾಯಿಯಲ್ಲಿ ಹೋಟೆಲಿನ ಪಾತ್ರೆ ತೊಳೆಯುವ ಜಾಗಕ್ಕೆ ಮೋರಿ ಎನ್ನುತ್ತಾರೆಂದು ನನಗೆ ಗೊತ್ತಾದದ್ದು ಎಷ್ಟೋ ಕಾಲದ ಮೇಲೆ. ಆ ದಿನ ಆ ಇಡೀ ವಾಕ್ಯದಲ್ಲಿ ಅಜ್ಜಿಗೆ ತಿಳಿದದ್ದು ಒಂದೇ ಶಬ್ದ. ಮೋರಿ. ನಮ್ಮ ಮಾತಿನಲ್ಲೂ ಅದಕ್ಕೆ ಒಳ್ಳೆಯ ಅರ್ಥವಿಲ್ಲವಲ್ಲ. ಅಜ್ಜಿಯ ಮುಖ ಮುದುಡಿದ್ದನ್ನು ನಾನು ಕಂಡೆ. ಸೇಠರು ನಗುತ್ತಲೇ ಕಂಬದ ಕಡೆ ತಿರುಗಿದರು. ಈಗ ಅವರ ಧ್ವನಿ ಬದಲಾಗಿತ್ತು, ಅವರಿಗೇ ಗೊತ್ತಿಲ್ಲದೆ ಬದಲಾಗಿತ್ತು. ಕೈಮುಗಿದಾಗಿನ ಧ್ವನಿ ಅದಲ್ಲ. "ಏ, ಕಿತ್ನೇ ಸಾಲ್ ಥಾ ತೂ ಮೋರಿ ಪೇ?" ಎಷ್ಟು ವರ್ಷ ಮೋರಿಯಲ್ಲಿದ್ದೆ ನೀನು, ಎಂದು.

ಮಾವ ಎದ್ದು ನಿಂತರು. ಯಾರೋ ದಾರ ಎಳೆದಂತೆ, ಮಣೆ ಮಗುಚಿ ಸದ್ದಾಗುವಂತೆ ಎದ್ದು, ಕೈ ಎರಡನ್ನೂ ಪಂಚೆಗೆ ಒರೆಸಿಕೊಂಡು, ತಲೆ ತಗ್ಗಿಸಿ "ಹಾಂ ಸೇಠ್" ಎಂದರು.

ಅದು ಕೇಳಿದ ಪ್ರಶ್ನೆಗೆ ಉತ್ತರವಾಗಿರಲಿಲ್ಲ. ಆದರೆ ಅವರಲ್ಲಿ ಇದ್ದ ಉತ್ತರ ಅದೊಂದೇ. ಅಷ್ಟರಲ್ಲಿ ಸೇಠರು ಕುಡಿದಿಟ್ಟ ಲೋಟ, ಚಿಕ್ಕಪ್ಪನ ಲೋಟ, ಕಾರಿನವನದು, ಸೇಠಾಣಿ ಕುಡಿಯದೆ ಕೆಳಗಿಟ್ಟದ್ದು, ಎಲ್ಲದರೊಳಗೂ ಅವರ ಬೆರಳುಗಳು ತಾವಾಗಿ ಇಳಿದವು. ಒಂದೇ ಕೈಯಲ್ಲಿ ಎಲ್ಲವನ್ನೂ ಎತ್ತಿಕೊಂಡು, ಇನ್ನೊಂದು ಕೈಯಿಂದ ಹೆಗಲ ಬಟ್ಟೆ ಎಳೆದು ಚಾಪೆಯ ಮೇಲೆ ಚೆಲ್ಲಿದ ನೀರನ್ನು ಅರ್ಧಚಂದ್ರದಂತೆ ಒರೆಸಿ, ಹಿಂಬಾಗಿಲಿನಿಂದ ಬಾವಿಕಟ್ಟೆಯ ಕಡೆಗೆ ಹೋದರು. ನಾವು ವಿದ್ಯೆಯೆಂದುಕೊಂಡಿದ್ದ ಆ ಐದು ಬೆರಳನ್ನು ಅಜ್ಜಿ ನೋಡುತ್ತಿದ್ದಳು. ಎಷ್ಟೋ ಸಲ ನೋಡಿದ್ದಳು. ಆ ದಿನ ಮೊದಲ ಸಲ ನೋಡಿದಳು.

ಸೇಠಾಣಿಯೇ ಮೊದಲು ಎದ್ದವರು. ಗಂಡನಿಗೆ ಏನೋ ಕಟುವಾಗಿ ಪಿಸುಗುಟ್ಟಿ, ತಟ್ಟೆ ಹಿಡಿದು ಮರದಂತೆ ನಿಂತಿದ್ದ ಚಿಕ್ಕಮ್ಮನ ಬಳಿಗೆ ಬಂದು, ಅವಳ ಮೊಣಕೈ ಹಿಡಿದು ತಮ್ಮ ಪಕ್ಕದ ಮಣೆಯನ್ನು ತೋರಿಸಿ "ಆಪ್ ಭೀ ಬೈಠಿಯೇ" ಎಂದರು. ನಮ್ಮ ಯಾವ ಕಥೆಯಲ್ಲೂ ಆ ಮಾತು ಬಂದಿರಲಿಲ್ಲ. ಚಿಕ್ಕಮ್ಮನಿಗೆ ತಿಳಿಯಲಿಲ್ಲ, ಕೂರಲಿಲ್ಲ, ಕೈ ಬಿಡಿಸಿಕೊಂಡು ಒಳಗೆ ಹೋದಳು. ಊಟಕ್ಕೆ ನಿಲ್ಲದೆ ಅವರು ಹೊರಟರು, ಬಿಸಿಲೇರುವ ಮೊದಲು ಕೊಲ್ಲೂರು ತಲುಪಬೇಕೆಂಬ ನೆಪ ಹೇಳಿ. ಕಾರಿನ ತನಕ ಹೋದ ಚಿಕ್ಕಮ್ಮ ಗಂಡನನ್ನು ಕೇಳಿದ್ದು ಒಂದೇ. "ಅವ್ರ್ ನಂಗೆ ಎಂತ ಹೇಳಿರ್?"

"'ನೀವೂ ಕೂಕಣಿ' ಅಂದ್ರ್."

"ಹಂಗಾರೆ ಹಿಂದಿಯಗೆ 'ನೀವು' ಇತ್ತಾ?"

"ಇಲ್ದೆ ಎಂತ? ಆಪ್." ಚಿಕ್ಕಪ್ಪ ಅವಳ ಮುಖ ನೋಡದೆ ಕಾರಿನ ಬಾಗಿಲು ಹಿಡಿದುಕೊಂಡು, "ಇವತ್ತ್ ಸೇಠ್ರ ಎದ್ರಿಗೆ ನನ್ ಮೋರೆ ಹೋಯ್ತ್. ಬಪ್ಪ ವರ್ಷ ಕಾಂಬ" ಎಂದರು. ಕಾರು ಹೋದ ಮೇಲೂ ಅವಳು ಧೂಳಿನಲ್ಲಿ ನಿಂತೇ ಇದ್ದಳು. ತುಟಿ ಆಡುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡು ಹತ್ತಿರ ಹೋದರೆ, ಆ ಒಂದು ಶಬ್ದವನ್ನು ಹೇಳಿಕೊಳ್ಳುತ್ತಿದ್ದಳು.

ಆ ದಿನ ನಮ್ಮ ಮನೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ನಾಚಿಕೆ ಎನ್ನುವುದು ಹೊಗೆಯ ಹಾಗೆ, ಒಲೆ ಒಬ್ಬರದಾದರೂ ಕಣ್ಣು ಎಲ್ಲರದೂ ಉರಿಯುತ್ತದೆ. ಅಮ್ಮ ಅತಿಥಿಗಳಿಗೆಂದು ಮಾಡಿದ ಅಡುಗೆಯನ್ನು ನಮಗೆ ಬಡಿಸಿದಳು, ನಮಗೂ ಸೇರಲಿಲ್ಲ. ಅಜ್ಜಿ ಹಲಸಿನ ಮಣೆಗಳನ್ನು ಅಟ್ಟಕ್ಕೇರಿಸದೆ ಅವುಗಳ ನಡುವೆಯೇ ಕೂತಿದ್ದಳು. ಮಾವನಿಗೆ ಬೈಯುತ್ತಾಳೆಂದು ನಾನು ಹೆದರಿದ್ದೆ. ಸಂಜೆಗೆ ಅಮ್ಮನ ಹತ್ತಿರ ಅವಳು ಹೇಳಿದ್ದು ಇಷ್ಟೇ. "ಅವ ಒಂದ್ ದಿನವೂ ಮೆನೇಜರ್ ಅಂತ ಹೇಳ್ಲಿಲ್ಲೆ. ನಾನೇ ಹೇಳ್ದ್. ಎಂತ ಕೆಲ್ಸ ಮಾಡ್ಕಂಡಿದ್ದೆ ಅಂತ ನಾ ಕೇಂಡದ್ದೂ ಇಲ್ಲೆ ಕಾಣ್." ಮಾವ ಬಾವಿಕಟ್ಟೆಯಿಂದ ಮೇಲೆ ಬರಲಿಲ್ಲ. ತೊಳೆದ ಲೋಟಗಳನ್ನೇ ಮತ್ತೆ ತೊಳೆಯುತ್ತಿದ್ದರು. ಸೋಡಾ ಪುಡಿಯ ವಾಸನೆ ಚಾವಡಿಯ ತನಕ ಬರುತ್ತಿತ್ತು.

ಆಮೇಲೆ ಎಲ್ಲ ಆಗಬೇಕಾದಂತೆಯೇ ಆಯಿತು. ಮುಂದಿನ ವರ್ಷವಲ್ಲ, ಅದರ ಮುಂದಿನ ವರ್ಷ ಚಿಕ್ಕಮ್ಮ ಬೊಂಬಾಯಿಗೆ ಹೋದಳು. ಸೇಠಾಣಿಯೇ ಅವಳಿಗೆ ಹಿಂದಿ ಕಲಿಸಿದರಂತೆ. ಊರಿಗೆ ಬಂದಾಗ ಅವಳ ಹಿಂದಿ ಕೇಳಿದರೆ ಅಲ್ಲೇ ಹುಟ್ಟಿದವಳು ಎನ್ನಬೇಕು, ಹಾಗೆ ನಯವಾಗಿತ್ತು. ಆದರೆ ಅವಳು ಮಕ್ಕಳಿಗೆ ಕಥೆ ಹೇಳಿದ್ದನ್ನು ನಾನು ಕೇಳಲಿಲ್ಲ. ಅವಳು ಹೋಗುವ ಮೊದಲೇ, ಒಂದು ಮಳೆಗಾಲದಲ್ಲಿ, ಮಾವನ ಕೆಮ್ಮು ನಿಂತುಹೋಗಿತ್ತು. ಅಜ್ಜಿ ಬಹಳ ಕಾಲ ಬದುಕಿದಳು, ತಮ್ಮನ ಮಾತು ಬಂದರೆ "ಬೊಂಬಾಯಿಯ ಹೋಟ್ಲಗೆ ಪಾತ್ರಿ ತೊಳ್ಕಂಡಿದ್ದ" ಎಂದು, ಮೊದಲು ಮೆನೇಜರ್ ಎಂದು ಹೇಳುತ್ತಿದ್ದಷ್ಟೇ ಗಟ್ಟಿಯಾಗಿ, ಕೇಳದವರಿಗೂ ಹೇಳುತ್ತಿದ್ದಳು. ಕೇಳಿದವರು ಮುಜುಗರಪಟ್ಟರೆ ಅವಳಿಗೆ ಸಮಾಧಾನವಾಗುತ್ತಿತ್ತೇನೋ. ಈಗ ಆ ಜಾಗದಲ್ಲಿ ಬೇರೆಯವರ ಮನೆಯಿದೆ, ಬಾವಿಗೆ ಕಾಂಕ್ರೀಟಿನ ಮುಚ್ಚಳ ಹಾಕಿ ಪಂಪು ಕೂರಿಸಿದ್ದಾರೆ. ಹೊಳೆ ತುಂಬುವಾಗಿನ ಉಪ್ಪಿನ ವಾಸನೆ ಮಾತ್ರ ದಾರಿ ತಪ್ಪದೆ ಈಗಲೂ ಅಲ್ಲಿಯ ತನಕ ಬರುತ್ತದೆ. ಹಲಸಿನ ಮಣೆಗಳಲ್ಲಿ ಒಂದು ನನ್ನ ಮನೆಯಲ್ಲಿದೆ, ಅದರ ಮೇಲೆ ಯಾರನ್ನೂ ಕೂರಿಸಲು ನನಗೆ ಮನಸ್ಸು ಬರುವುದಿಲ್ಲ.

ಆ ಮಣೆಯ ಮೇಲೆ ನನ್ನ ಕಣ್ಣಿಗೆ ಕಾಣುವುದು ಸೇಠರು ಬಂದುಹೋದ ಮರುದಿನದ ಬೆಳಿಗ್ಗೆ. ಗಂಜಿಯ ಹೊತ್ತಾಗಿತ್ತು. ಚಿಕ್ಕಮ್ಮ ಯಾರಿಗೂ ಹೇಳದೆ, ಸೇಠರು ಕೂತಿದ್ದ ಆ ಮಣೆಯನ್ನು ಚಾವಡಿಯ ನಡುವೆ ಇಟ್ಟಳು. ಮುಂದೆ ಬಾಳೆಲೆ ಹಾಕಿ ಗಂಜಿಯ ಬಟ್ಟಲು, ಉಪ್ಪಿನಕಾಯಿ, ಬೆಲ್ಲದ ಚೂರು ಇಟ್ಟಳು. ಅಜ್ಜಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಚಿಕ್ಕಮ್ಮ ಹಿಂಬಾಗಿಲಿಗೆ ಹೋಗಿ ಬಾವಿಕಟ್ಟೆಯ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದ ಮಾವನನ್ನು ಕರೆದಳು. ಕರೆದ ಕೂಡಲೇ ಅವರು ಎದ್ದು, ಒದ್ದೆ ಕೈ ಒರೆಸಿಕೊಂಡು, ಓಡುವಂತೆ ಬಂದು ಅವಳೆದುರು ತಲೆ ತಗ್ಗಿಸಿ ನಿಂತರು. ಕೂಗಿಸಿಕೊಳ್ಳಲು ಸಿದ್ಧರಾಗಿ ನಿಂತಂತೆ. ಚಿಕ್ಕಮ್ಮ ಸೆರಗು ಸರಿಮಾಡಿಕೊಂಡು, ಶಾಲೆಯಲ್ಲಿ ಪಾಠ ಒಪ್ಪಿಸುವವಳ ಹಾಗೆ, ಮಾವ ಅದುವರೆಗೆ ಯಾರ ಬಾಯಿಂದಲೂ ಕೇಳಿರದಿದ್ದ ಹಿಂದಿಯಲ್ಲಿ, ಮೆಲ್ಲಗೆ ಹೇಳಿದಳು.

"ಮಾವ, ಆಪ್ ಬೈಠಿಯೇ."

ಅವರಿಗೆ ಅರ್ಥವಾಯಿತು. ಬೈಠ್ ಎನ್ನುವುದು ಅವರದೇ ಮಾತು, ಉಳಿದದ್ದು ಅವಳ ಧ್ವನಿಯಲ್ಲೇ ಇತ್ತು. ಅವರು ತಲೆಯೆತ್ತಿ ಚಾವಡಿಯ ಮಣೆಯನ್ನು ನೋಡಿದರು, ಬಾಳೆಲೆಯನ್ನು ನೋಡಿದರು, ಚಿಕ್ಕಮ್ಮನ ಮುಖ ನೋಡಿದರು. ಆಮೇಲೆ ಅವಸರವಾಗಿ ಒಂದು ಹೆಜ್ಜೆ ಬದಿಗೆ ಸರಿದು, ಯಾರೋ ದೊಡ್ಡವರು ಬಂದಿದ್ದಾರೆ, ಅವರಿಗೆ ದಾರಿ ಬಿಡಬೇಕು ಎನ್ನುವಂತೆ, ತಮ್ಮ ಬೆನ್ನ ಹಿಂದೆ ತಿರುಗಿ ನೋಡಿದರು.